ಹಗಲು ನೋಡಿದ ಆರ್ಕ್ ರಾತ್ರಿ ಕಾಡುವುದೇಕೆ?

ನಾನು ಐದನೇ ಕ್ಲಾಸಿನಲ್ಲಿದ್ದಾಗ ನಮ್ಮ ಮನೆಗೆ ಹೊಸ ಗೇಟು ಬಂತು. ಕಂಬಕ್ಕೆ ಕೀಲು ಬೆಸೆಯಲು ಬಂದ ವೆಲ್ಡಿಂಗ್ ಮಾಮ "ನೋಡಬೇಡ ಮರಿ, ಒಳಗೆ ಹೋಗು" ಎಂದು ಎರಡು ಸಲ ಹೇಳಿದರು. ನಾನು ಜಗುಲಿ ಕಂಬದ ಹಿಂದೆ ನಿಂತು ಇಣುಕಿದೆ. ಆರ್ಕಿನ ನೀಲಿ ಬೆಳಕು, ಚಟಪಟ ಸದ್ದು, ಹಬ್ಬದ ಸುರುಸುರುಬತ್ತಿಯಂಥ ಕಿಡಿ. ಯಾವ ಹುಡುಗ ಬಿಡುತ್ತಾನೆ? ಸಂಜೆ ಆಟ ಆಡಿದೆ, ಊಟ ಮಾಡಿದೆ, ಮಲಗಿದೆ. ಏನೂ ಆಗಿರಲಿಲ್ಲ.

ನಡುರಾತ್ರಿ ಎಚ್ಚರವಾದಾಗ ಎರಡೂ ಕಣ್ಣಿಗೆ ಹಿಡಿ ಹಿಡಿ ಮರಳು ಸುರಿದ ಹಾಗಿತ್ತು. ರೆಪ್ಪೆ ತೆರೆಯಲು ಆಗುತ್ತಿಲ್ಲ, ಮುಚ್ಚಿದರೂ ಚುಚ್ಚುತ್ತದೆ, ನೀರು ಧಾರೆಯಾಗಿ ಇಳಿಯುತ್ತಿದೆ. ಅಮ್ಮ ಸೌತೆಕಾಯಿ ಬಿಲ್ಲೆ ಇಟ್ಟರು. ಬೆಳಗಾಗುತ್ತಲೇ ಅಜ್ಜಿ ಪಕ್ಕದ ಮನೆಯ ಬಾಣಂತಿಯಿಂದ ಎದೆಹಾಲು ತರಿಸಿ ಕಣ್ಣಿಗೆ ಬಿಟ್ಟರು. ಎರಡು ದಿನಕ್ಕೆ ವಾಸಿಯಾಯಿತು. ಹಾಲಿನಿಂದಲೇ ವಾಸಿಯಾಯಿತು ಅಂತ ಮನೆಯಲ್ಲಿ ಎಲ್ಲರೂ ನಂಬಿದರು. ಅದು ಹಾಗಲ್ಲ, ಯಾಕೆ ಅಂತ ಮುಂದೆ ಹೇಳುತ್ತೇನೆ.

ಆ ರಾತ್ರಿಯ ನೋವಿಗಿಂತ ನನ್ನನ್ನು ಬಹಳ ದಿನ ಕಾಡಿದ್ದು ನಡುವಿನ ಆ ಗಂಟೆಗಳು. ಕಾದ ಹೆಂಚು ಮುಟ್ಟಿದರೆ ಕೈ ತಾನಾಗಿ ಹಿಂದೆ ಬರುತ್ತದೆ. ಮುಳ್ಳು ತುಳಿದರೆ ಕಾಲು ಎತ್ತುತ್ತೇವೆ. ಮೈ ಆಗಲೇ ಪಾಠ ಹೇಳುತ್ತದೆ. ಆರ್ಕ್ ವೆಲ್ಡಿಂಗ್‌ನಲ್ಲಿ ಮೈಯ ಈ ಪಾಠ ಕೆಲಸಕ್ಕೆ ಬರುವುದಿಲ್ಲ. ಕಣ್ಣುರಿ ರಾತ್ರಿ ಬರುತ್ತದೆ. ಹೊಗೆಯ ಜ್ವರ ಮನೆಗೆ ಹೋದ ಮೇಲೆ ಬರುತ್ತದೆ. ಬೆಂಕಿ ಅಂಗಡಿ ಬಾಗಿಲು ಹಾಕಿದ ಮೇಲೆ ಏಳಬಹುದು. ಶ್ವಾಸಕೋಶದ ಕಾಯಿಲೆಗೆ ವರ್ಷಗಳೇ ಬೇಕು. "ಇಪ್ಪತ್ತು ವರ್ಷದಿಂದ ಹೀಗೇ ಮಾಡ್ತಿದ್ದೀನಿ, ಏನೂ ಆಗಿಲ್ಲ" ಎನ್ನುವ ಮಾತು ಈ ಕಸುಬಿನಲ್ಲಿ ಜಾಸ್ತಿ ಕೇಳಿಬರುವುದು ಇದಕ್ಕೇ. ಹೇಳುವವರು ಸುಳ್ಳು ಹೇಳುತ್ತಿಲ್ಲ. ಪೆಟ್ಟು ಬಿದ್ದ ಕ್ಷಣ ಅವರಿಗೆ ಗೊತ್ತಾಗಿರುವುದಿಲ್ಲ, ಅಷ್ಟೆ.

ಈ ಲೇಖನ ಮುಖ್ಯವಾಗಿ ನಮ್ಮ ಊರುಗಳ ರಸ್ತೆ ಬದಿಯ ವೆಲ್ಡಿಂಗ್ ಅಂಗಡಿಗಳಿಗಾಗಿ. ಗ್ರಿಲ್, ಗೇಟು, ಶಟರ್, ಟ್ರ್ಯಾಕ್ಟರ್ ಟ್ರೈಲರ್ ರಿಪೇರಿ ಮಾಡುವ ಇಬ್ಬರು ಮೂವರ ಅಂಗಡಿಗಳು. ಅಲ್ಲಿ ಸೇಫ್ಟಿ ಆಫೀಸರ್ ಇರುವುದಿಲ್ಲ. ಐಟಿಐಯಲ್ಲಿ ವೆಲ್ಡರ್ ಟ್ರೇಡ್ ಒಂದು ವರ್ಷದ ಕೋರ್ಸು, ಅಲ್ಲಿ ಇದನ್ನೆಲ್ಲ ಕಲಿಸುತ್ತಾರೆ. ಆದರೆ ಬಹಳಷ್ಟು ಹುಡುಗರು ಕಲಿಯುವುದು ಅಣ್ಣನ ಜೊತೆಗೋ ಮಾವನ ಜೊತೆಗೋ ನಿಂತು. ಅವರು ಹೇಳದೇ ಬಿಟ್ಟದ್ದು ಹುಡುಗನಿಗೂ ಗೊತ್ತಾಗುವುದಿಲ್ಲ.

ಮುಖದ ಮುಂದೆ ಒಂದು ಸೂರ್ಯ

ವೆಲ್ಡರ್ ಕೈಯಲ್ಲಿ ಹಿಡಿಯುವ ಹೋಲ್ಡರ್‌ನಲ್ಲಿ ಸಿಕ್ಕಿಸಿದ ವೆಲ್ಡಿಂಗ್ ರಾಡನ್ನು ಕಬ್ಬಿಣಕ್ಕೆ ತಾಗಿಸಿ ಎರಡು ಮೂರು ಮಿಲಿಮೀಟರ್ ಎತ್ತಿದರೆ ನಡುವಿನ ಗಾಳಿಯಲ್ಲೇ ಕರೆಂಟ್ ಹರಿಯುತ್ತದೆ. ಅದೇ ಆರ್ಕ್. ನಿಲ್ಲದೆ ಹೊಡೆಯುವ ಪುಟ್ಟ ಮಿಂಚು ಅಂದುಕೊಳ್ಳಿ. ಕಬ್ಬಿಣ ಕರಗಲು ಸುಮಾರು 1500 ಡಿಗ್ರಿ ಸೆಲ್ಸಿಯಸ್ ಬಿಸಿ ಸಾಕು. ಸೂರ್ಯನ ಮೇಲ್ಮೈ ಸುಮಾರು 5500 ಡಿಗ್ರಿ ಇದೆ. ಆರ್ಕಿನ ಬಿಸಿ ಅದಕ್ಕೆ ಸಮ, ಹಲವು ಸಲ ಅದಕ್ಕೂ ಹೆಚ್ಚು.

ಆಕಾಶದ ಸೂರ್ಯ ಕೋಟಿಗಟ್ಟಲೆ ಮೈಲಿ ದೂರ. ಅದರ ನೇರಳಾತೀತ ಕಿರಣಗಳಲ್ಲಿ ತೀರಾ ಕೆಟ್ಟವನ್ನು ಓಜೋನ್ ಪದರ ಮೇಲೆಯೇ ತಡೆಯುತ್ತದೆ. ಆರ್ಕ್ ಇರುವುದು ಮುಖದಿಂದ ಒಂದು ಮೊಳ ದೂರದಲ್ಲಿ, ನಡುವೆ ಯಾವ ಪದರವೂ ಇಲ್ಲ. ವೆಲ್ಡರ್ ಮುಖಕ್ಕೆ ಹಿಡಿಯುವ ಬ್ಲ್ಯಾಕ್ ಗ್ಲಾಸೇ ಅಲ್ಲಿ ನಮ್ಮ ಓಜೋನ್.

ಕಾಯದೇ ಬರುವುದು: ಷಾಕ್

ತಡವಾಗಿ ಬರುವ ಅಪಾಯಗಳಿಗೆ ಹೋಗುವ ಮೊದಲು ಆಗಲೇ ಕೊಲ್ಲಬಲ್ಲದ್ದನ್ನು ನೋಡೋಣ. ಇದರಲ್ಲಿ ತಪ್ಪು ತಿಳಿವಳಿಕೆ ಜಾಸ್ತಿ. ಅದಕ್ಕೆ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ.

ವೆಲ್ಡಿಂಗ್ ಮೆಷಿನ್‌ಗೆ ಎರಡು ಕಡೆ ಇವೆ. ಒಂದು ಕಡೆ ಮೀಟರ್ ಬೋರ್ಡಿನಿಂದ ಬರುವ 230 ವೋಲ್ಟ್, ದೊಡ್ಡ ಟ್ರಾನ್ಸ್‌ಫಾರ್ಮರ್ ಮೆಷಿನ್ ಆದರೆ 415 ವೋಲ್ಟ್. ಇನ್ನೊಂದು ಕಡೆ ಹೋಲ್ಡರಿಗೆ ಹೋಗುವ ಕಡಿಮೆ ವೋಲ್ಟ್, ಹೆಚ್ಚು ಆಂಪಿಯರ್. ಆರ್ಕ್ ಉರಿಯುವಾಗ ಹೋಲ್ಡರ್ ಕಡೆ ಇರುವುದು 20ರಿಂದ 30 ವೋಲ್ಟ್ ಅಷ್ಟೆ. ಆದರೆ ಆರ್ಕ್ ಇಲ್ಲದೆ ಮೆಷಿನ್ ಸುಮ್ನೆ ಆನ್ ಆಗಿದ್ದಾಗ ಅದು 60ರಿಂದ 80 ವೋಲ್ಟ್‌ಗೆ ಏರಿ ನಿಂತಿರುತ್ತದೆ. ಅಂದರೆ ಹೋಲ್ಡರಿನಲ್ಲಿ ವೋಲ್ಟೇಜ್ ಹೆಚ್ಚಿರುವುದು ನೀವು ಬೆಸೆಯುವಾಗ ಅಲ್ಲ, ರಾಡ್ ಬದಲಾಯಿಸುವಾಗ.

"ಎಂಬತ್ತು ವೋಲ್ಟ್ ಏನು ಮಾಡುತ್ತೆ?" ಅಂತ ಕೇಳುವವರಿದ್ದಾರೆ. ಒಂದು ಸಣ್ಣ ಲೆಕ್ಕ ಮಾಡೋಣ. ಒಣಗಿದ, ಗಟ್ಟಿ ಚರ್ಮ ಕರೆಂಟಿಗೆ ಸಾಕಷ್ಟು ತಡೆ ಒಡ್ಡುತ್ತದೆ, ಜುಮ್ಮೆನ್ನುತ್ತದೆ ಅಷ್ಟೆ. ಬೆವರಿ ತೊಯ್ದ ಮೈಯ ತಡೆ ಸಾವಿರ ಓಮ್ ಆಸುಪಾಸಿಗೆ ಇಳಿಯುತ್ತದೆ. 80 ವೋಲ್ಟನ್ನು 1000 ಓಮ್‌ನಿಂದ ಭಾಗಿಸಿ: 80 ಮಿಲಿ ಆಂಪಿಯರ್. 10–20 ಮಿಲಿ ಆಂಪಿಯರ್ ದಾಟಿದರೆ ಸ್ನಾಯು ಸೆಟೆದು ಹಿಡಿದದ್ದನ್ನು ಬಿಡಲು ಆಗುವುದಿಲ್ಲ. 50ಕ್ಕಿಂತ ಹೆಚ್ಚು ಎದೆಯ ಮೂಲಕ ಒಂದೆರಡು ಸೆಕೆಂಡು ಹರಿದರೂ ಹೃದಯದ ಬಡಿತ ಕೆಡಬಹುದು. ಏಪ್ರಿಲ್ ಬಿಸಿಲಲ್ಲಿ ಟ್ರೈಲರ್ ಕೆಳಗೆ ಅಂಗಾತ ಮಲಗಿ, ಒದ್ದೆ ಬೆನ್ನನ್ನು ಕಬ್ಬಿಣಕ್ಕೆ ಒತ್ತಿಕೊಂಡು, ಬರಿಗೈಯಲ್ಲಿ ರಾಡ್ ಬದಲಾಯಿಸುವ ಮನುಷ್ಯನ ಸ್ಥಿತಿ ಇದು. ಕೈಯಿಂದ ಬೆನ್ನಿಗೆ ಹೋಗುವ ದಾರಿಯ ನಡುವೆಯೇ ಎದೆ ಇದೆ.

ಬಹಳ ಜನರಿಗೆ ಗೊತ್ತಿಲ್ಲದ ಇನ್ನೊಂದು ವಿಷಯ ಇದೆ. ಮನೆಯ ಬೋರ್ಡಿನಲ್ಲಿ ಕರೆಂಟ್ ಸೋರಿದರೆ ತಾನೇ ಆಫ್ ಆಗುವ ಸ್ವಿಚ್, ಅಂದರೆ ಆರ್‌ಸಿಸಿಬಿ ಇದ್ದರೆ ಷಾಕ್ ಹೊಡೆದ ತಕ್ಷಣ ಬೀಳುತ್ತದೆ ಅಂತ ಧೈರ್ಯವಾಗಿರುತ್ತೇವೆ. ಮೆಷಿನ್‌ಗೆ ಕರೆಂಟ್ ಬರುವ ಕಡೆ ಸೋರಿದರೆ ಅದು ಬೀಳುತ್ತದೆ, ನಿಜ. ಹೋಲ್ಡರ್ ಕಡೆ ಷಾಕ್ ಹೊಡೆದರೆ ಬೀಳುವುದಿಲ್ಲ. ಎರಡೂ ಕಡೆಯ ನಡುವೆ ಟ್ರಾನ್ಸ್‌ಫಾರ್ಮರ್ ಇದೆ, ತಂತಿಗೆ ತಂತಿ ಕೂಡಿರುವುದಿಲ್ಲ. ಹೋಲ್ಡರಿನಿಂದ ಮೈಗೆ ಹರಿದ ಕರೆಂಟ್ ಮೆಷಿನ್‌ಗೇ ವಾಪಸು ಹೋಗುತ್ತದೆ. ಬೋರ್ಡಿನ ಆರ್‌ಸಿಸಿಬಿಗೆ ಅದರ ಸುಳಿವೇ ಸಿಗುವುದಿಲ್ಲ. ಅಲ್ಲಿ ಕಾಯುವುದು ಒಣ ಗ್ಲೌಸ್, ಒಣ ಬಟ್ಟೆ, ಕೆಳಗೆ ಹಾಸಿದ ಒಣ ಹಲಗೆ ಅಥವಾ ರಬ್ಬರ್ ಮ್ಯಾಟ್ ಮಾತ್ರ. ಮಳೆಗಾಲದಲ್ಲಿ ಎರಡು ಜೊತೆ ಗ್ಲೌಸ್ ಇಟ್ಟುಕೊಳ್ಳಿ, ಒಂದು ಒಣಗುತ್ತಿರಲಿ. ಹೊಸ ಮೆಷಿನ್ ಕೊಳ್ಳುವಾಗ ಅದರ ಪ್ಲೇಟಿನ ಮೇಲೆ ಚೌಕದೊಳಗೆ 'ಎಸ್' ಎಂಬ ಇಂಗ್ಲಿಷ್ ಅಕ್ಷರ ಇದೆಯೇ ನೋಡಿ. ಒದ್ದೆ, ಇಕ್ಕಟ್ಟಿನ ಜಾಗಕ್ಕೂ ತಕ್ಕಂತೆ ಆರ್ಕ್ ಇಲ್ಲದಾಗಿನ ಆ ವೋಲ್ಟೇಜನ್ನು ಮಿತಿಯಲ್ಲಿಟ್ಟ ಮೆಷಿನ್ ಅದು. ಅಂಥ ಮೆಷಿನ್‌ನಲ್ಲಿ ಎಸಿ ಕರೆಂಟ್ ಆದರೆ ಅದು 48 ವೋಲ್ಟ್ ದಾಟುವುದಿಲ್ಲ.

ಇನ್ನು 'ಅರ್ಥ್' ಎಂಬ ಮಾತು. ನಮ್ಮ ಅಂಗಡಿಗಳಲ್ಲಿ ಕಬ್ಬಿಣಕ್ಕೆ ಕಚ್ಚಿಸುವ ಕ್ಲ್ಯಾಂಪಿಗೂ ಅರ್ಥ್ ಅನ್ನುತ್ತೇವೆ, ನೆಲಕ್ಕೆ ಇಳಿಸುವ ತಂತಿಗೂ ಅರ್ಥ್ ಅನ್ನುತ್ತೇವೆ. ಎರಡೂ ಬೇರೆ ಬೇರೆ. ಕ್ಲ್ಯಾಂಪ್ ಇರುವುದು ಆರ್ಕಿನ ಕರೆಂಟನ್ನು ಮೆಷಿನ್‌ಗೆ ವಾಪಸು ತರಲು. ಅದು ಇಲ್ಲದಿದ್ದರೆ ವೆಲ್ಡಿಂಗೇ ಆಗುವುದಿಲ್ಲ, ಆದ್ದರಿಂದ ಅದನ್ನು ಯಾರೂ ಮರೆಯುವುದಿಲ್ಲ. ಮೆಷಿನ್‌ನ ಮೈಗೆ ಕಟ್ಟಿ ನೆಲಕ್ಕೆ ಇಳಿಸುವ ತಂತಿ ಬೇರೆ. ಒಳಗೆ ತಂತಿ ಸುಟ್ಟು 230 ವೋಲ್ಟ್ ಮೆಷಿನ್‌ನ ಡಬ್ಬಕ್ಕೆ ತಾಗಿದರೆ ಅದು ಕಾಪಾಡುತ್ತದೆ. ಅದು ಇಲ್ಲದಿದ್ದರೂ ವೆಲ್ಡಿಂಗ್ ಚೆನ್ನಾಗಿಯೇ ಆಗುತ್ತದೆ, ಆದ್ದರಿಂದ ಬಹಳ ಕಡೆ ಅದು ಇರುವುದೇ ಇಲ್ಲ. "ಅರ್ಥ್ ಕೊಟ್ಟಿದ್ದೀರಾ?" ಎಂದು ಕೇಳಿದರೆ "ಕೊಟ್ಟಿದ್ದೀವಲ್ಲ" ಎಂದು ಕ್ಲ್ಯಾಂಪ್ ತೋರಿಸುತ್ತಾರೆ. ಒಂದೇ ಹೆಸರು ಇಟ್ಟ ತಪ್ಪಿಗೆ ಜೀವ ಹೋಗಬಾರದು ಅಲ್ವಾ? ಒಂದನ್ನು ಕ್ಲ್ಯಾಂಪ್ ಅನ್ನೋಣ, ಇನ್ನೊಂದನ್ನು ಅರ್ಥಿಂಗ್ ಅನ್ನೋಣ.

ಸಾಕೆಟ್ಟಿಗೆ ಬರಿ ತಂತಿ ತುರುಕಿ ಬೆಂಕಿಕಡ್ಡಿ ಸಿಕ್ಕಿಸುವುದು, ಕಿತ್ತುಹೋದ ಕೇಬಲ್ಲಿಗೆ ಪ್ಲಾಸ್ಟಿಕ್ ಕವರ್ ಸುತ್ತುವುದು, ಇವು ಅಂಗಡಿಯಲ್ಲಿ ದಿನಾ ಕಾಣುವ ದೃಶ್ಯ. ಮೆಷಿನ್‌ಗೆ ಅದರದೇ ಎಂಸಿಬಿ (ಕರೆಂಟ್ ಮಿತಿ ಮೀರಿದರೆ ಬೀಳುವ ಸ್ವಿಚ್), ಮೂರು ಎಳೆಯ ಕೇಬಲ್, ಸರಿಯಾದ ಪ್ಲಗ್ ಬೇಕು. ಕ್ಲ್ಯಾಂಪನ್ನು ಬೆಸೆಯುವ ಜಾಗಕ್ಕೆ ಆದಷ್ಟು ಹತ್ತಿರ, ಬಣ್ಣ ತುಕ್ಕು ಉಜ್ಜಿದ ಕಬ್ಬಿಣಕ್ಕೆ ಹಾಕಿ. ಕಟ್ಟಡದ ಕೆಲಸದಲ್ಲಿ ಕೇಬಲ್ ಸಾಲದೆ ನೆಲದ ಮೇಲೆ ಸರಳು ಜೋಡಿಸಿ ವಾಪಸು ದಾರಿ ಮಾಡುತ್ತಾರೆ. ಆ ಸಡಿಲ ಜೋಡಣೆಗಳಲ್ಲಿ ಕಿಡಿ ಹಾರುತ್ತದೆ. ನೂರಾರು ಆಂಪಿಯರ್ ತನಗೆ ಸಿಕ್ಕ ಬೇರೆ ದಾರಿ ಹಿಡಿಯುತ್ತದೆ. ಕಟ್ಟಡದ ತೆಳುವಾದ ಅರ್ಥಿಂಗ್ ತಂತಿಯೇ ಆ ದಾರಿಯಾದರೆ ಅದು ಸುಟ್ಟುಹೋಗುತ್ತದೆ. ಗಾಡಿಯ ಮೇಲೆ ಬೆಸೆಯುವಾಗ ಬ್ಯಾಟರಿ ಬಿಚ್ಚಿ. ಕ್ಲ್ಯಾಂಪ್ ದೂರ ಹಾಕಿದರೆ ಕರೆಂಟ್ ಬೇರಿಂಗ್ ಮೂಲಕ ಹಾದು ಅದನ್ನು ಹಾಳು ಮಾಡುತ್ತದೆ.

ಯಾರಾದರೂ ಅಂಟಿಕೊಂಡರೆ ಮೊದಲು ಮೇನ್ ಆಫ್ ಮಾಡಿ. ಆಗದಿದ್ದರೆ ಒಣ ಕಟ್ಟಿಗೆಯಿಂದ ತಂತಿ ಸರಿಸಿ. ಅವರನ್ನು ಕೈಯಿಂದ ಎಳೆಯಬೇಡಿ. ಉಸಿರಿಲ್ಲದಿದ್ದರೆ 108ಕ್ಕೆ ಫೋನ್ ಮಾಡಿಸಿ, ಎದೆಯ ನಡುವೆ ಎರಡೂ ಅಂಗೈ ಇಟ್ಟು ಐದು ಸೆಂಟಿಮೀಟರ್ ಆಳಕ್ಕೆ, ನಿಮಿಷಕ್ಕೆ 100ರಿಂದ 120 ಸಲ ಒತ್ತುತ್ತಾ ಇರಿ. ಆಂಬುಲೆನ್ಸ್ ಬರುವವರೆಗೂ ನಿಲ್ಲಿಸಬೇಡಿ.

ಕಣ್ಣು: ಆರು ಗಂಟೆ ತಡವಾಗಿ

ಈಗ ನನ್ನ ಆ ರಾತ್ರಿಗೆ ಬರುತ್ತೇನೆ. ಕಣ್ಣಿನ ಮುಂಭಾಗದ ಪಾರದರ್ಶಕ ಪದರಕ್ಕೆ ಕಾರ್ನಿಯಾ ಅನ್ನುತ್ತಾರೆ. ನೇರಳಾತೀತ ಕಿರಣವನ್ನು ಅದು ಹೀರಿಕೊಳ್ಳುತ್ತದೆ. ಅದರ ಮೇಲ್ಪದರದ ಜೀವಕೋಶಗಳು ಪೆಟ್ಟು ತಿಂದರೂ ಕೂಡಲೇ ಸಾಯುವುದಿಲ್ಲ. ಆರರಿಂದ ಹನ್ನೆರಡು ಗಂಟೆಯಲ್ಲಿ ಒಂದೊಂದಾಗಿ ಸತ್ತು ಉದುರುತ್ತವೆ. ಉದುರಿದ ಜಾಗದಲ್ಲಿ ಕೆಳಗಿನ ನರದ ತುದಿಗಳು ಬಯಲಾಗುತ್ತವೆ. ಪ್ರತಿ ಸಲ ರೆಪ್ಪೆ ಬಡಿದಾಗಲೂ ಅದು ನರದ ಮೇಲೆಯೇ ಉಜ್ಜುತ್ತದೆ. ಮರಳಿನ ಅನುಭವ ಅಲ್ಲಿಂದ. ನಮ್ಮವರು ಇದಕ್ಕೆ "ಆರ್ಕ್ ಹೊಡೆದಿದೆ" ಅನ್ನುತ್ತಾರೆ. ಹಿಮದ ಬೆಟ್ಟ ಹತ್ತುವವರಿಗೆ ಬರುವ ಹಿಮಗುರುಡೂ ಇದೇ ಕಾಯಿಲೆ.

ಆ ಮೇಲ್ಪದರ ಒಂದೆರಡು ದಿನದಲ್ಲಿ ತಾನಾಗಿ ಮತ್ತೆ ಬೆಳೆಯುತ್ತದೆ. ಆ ಹೊತ್ತಿನಲ್ಲಿ ಏನು ಹಾಕಿದರೂ ಅದರಿಂದಲೇ ವಾಸಿಯಾಯಿತು ಅನಿಸುತ್ತದೆ. ಅಜ್ಜಿ ತರಿಸಿದ ಎದೆಹಾಲಿಗೂ ಅಮ್ಮನ ಸೌತೆಕಾಯಿ ಬಿಲ್ಲೆಗೂ ಹೀಗೇ ಹೆಸರು ಬಂದದ್ದು. ರೆಪ್ಪೆ ಮುಚ್ಚಿ ಮೇಲೆ ತಣ್ಣನೆಯದು ಇಟ್ಟರೆ ಹಿತವಾಗುತ್ತದೆ, ಅದಕ್ಕೆ ತಣ್ಣೀರಿನಲ್ಲಿ ಅದ್ದಿದ ಶುಚಿ ಬಟ್ಟೆ ಸಾಕು. ಕಣ್ಣಿನೊಳಗೆ ಏನನ್ನಾದರೂ ಬಿಡುವುದು ಅಪಾಯ. ಸುಲಿದ ಗಾಯದ ಮೇಲೆ ಕ್ರಿಮಿ ಬಿಟ್ಟ ಹಾಗೆ. ಅಜ್ಜಿಯ ಅಕ್ಕರೆ ಇವತ್ತಿಗೂ ನೆನಪಾಗುತ್ತದೆ, ಆದರೆ ನನ್ನ ಮಕ್ಕಳ ಕಣ್ಣಿಗೆ ನಾನು ಅದನ್ನು ಬಿಡುವುದಿಲ್ಲ.

ಹಾಗಾದರೆ ಏನು ಮಾಡಬೇಕು? ಲೆನ್ಸ್ ಹಾಕಿದ್ದರೆ ತೆಗೆಯಿರಿ, ಕಣ್ಣು ಉಜ್ಜಬೇಡಿ, ಕತ್ತಲೆ ಕೋಣೆಯಲ್ಲಿ ಮಲಗಿ, ಬೆಳಿಗ್ಗೆ ಕಣ್ಣಿನ ಡಾಕ್ಟರ ಹತ್ತಿರ ಹೋಗಿ. ಮೆಡಿಕಲ್ ಶಾಪಿನಲ್ಲಿ ಕೇಳಿ ಡ್ರಾಪ್ಸ್ ತರುವುದು ಬೇಡ. ಮರಗಟ್ಟಿಸುವ ಡ್ರಾಪ್ಸ್ ಹಾಕಿದರೆ ನೋವು ಮಾಯವಾಗುತ್ತದೆ, ನಿಜ. ಡಾಕ್ಟರು ಪರೀಕ್ಷೆಗೆಂದು ಒಂದು ಹನಿ ಹಾಕುವುದು ಬೇರೆ, ಮನೆಯಲ್ಲಿ ಮತ್ತೆ ಮತ್ತೆ ಹಾಕಿಕೊಳ್ಳುವುದು ಬೇರೆ. ಪದೇಪದೇ ಹಾಕಿದರೆ ಕಾರ್ನಿಯಾ ಗಾಯ ಮಾಯುವುದೇ ಇಲ್ಲ, ದೃಷ್ಟಿಗೇ ಕುತ್ತು ಬರುತ್ತದೆ. ಒಂದು ಗುರುತು ನೆನಪಿಡಿ: ಆರ್ಕ್ ಹೊಡೆದರೆ ಸಾಮಾನ್ಯವಾಗಿ ಎರಡೂ ಕಣ್ಣು ಉರಿಯುತ್ತವೆ. ಒಂದೇ ಕಣ್ಣು ಚುಚ್ಚುತ್ತಿದ್ದರೆ ಗ್ರೈಂಡರಿನ ಚೂರೋ, ಬೆಸುಗೆಯ ಮೇಲೆ ಗಟ್ಟಿಯಾಗುವ ಸ್ಲ್ಯಾಗ್ ಎಂಬ ಹೊರಪದರದ ಚೂರೋ ಸಿಕ್ಕಿರಬಹುದು. ಅದಕ್ಕೆ ಬೆಳಗಿನವರೆಗೆ ಕಾಯಬೇಡಿ.

ಬ್ಲ್ಯಾಕ್ ಗ್ಲಾಸಿಗೆ ನಂಬರ್ ಇರುತ್ತದೆ. ನಂಬರ್ ಹೆಚ್ಚಿದಷ್ಟೂ ಗಾಜು ಕಪ್ಪು. ನಮ್ಮ ಅಂಗಡಿಗಳಲ್ಲಿ ಜಾಸ್ತಿ ಬಳಸುವ 2.5 ಮತ್ತು 3.15 ಮಿಲಿಮೀಟರ್ ರಾಡಿಗೆ, ಅಂದರೆ 60ರಿಂದ 160 ಆಂಪಿಯರ್‌ವರೆಗೆ, 10ನೇ ನಂಬರ್ ಸರಿ. ಅದಕ್ಕಿಂತ ಮೇಲೆ 250 ಆಂಪಿಯರ್‌ವರೆಗೆ 12. ಗ್ಯಾಸ್ ಕಟಿಂಗ್ ಕನ್ನಡಕ 3ರಿಂದ 6ನೇ ನಂಬರಿನದು, ಆರ್ಕಿಗೆ ಸಾಲದು. ಕೂಲಿಂಗ್ ಗ್ಲಾಸ್ ಅಂತೂ ಬೇಡವೇ ಬೇಡ. ಅದು ಕಣ್ಣಿಗೆ ಸಾಲುವುದಿಲ್ಲ, ಮುಖ ಕುತ್ತಿಗೆಗಳನ್ನು ಮುಚ್ಚುವುದೂ ಇಲ್ಲ.

ಬಹಳ ಸಲ ಆರ್ಕ್ ಹೊಡೆಯುವುದು ದೊಡ್ಡ ಬೆಸುಗೆ ಹಾಕುವಾಗ ಅಲ್ಲ, ಪಟ್ಟಿ ಜರುಗದಂತೆ ಚುಕ್ಕೆ ಬೆಸುಗೆ, ಅಂದರೆ ಟ್ಯಾಕ್, ಹಾಕುವಾಗ. "ಒಂದು ಚುಕ್ಕೆ ತಾನೆ" ಎಂದು ಕಣ್ಣು ಮುಚ್ಚಿಯೋ ಮುಖ ತಿರುಗಿಸಿಯೋ ಹಾಕುತ್ತಾರೆ. ದಿನಕ್ಕೆ ಐವತ್ತು ಟ್ಯಾಕ್ ಹಾಕಿದರೆ ಎಲ್ಲ ಸೇರಿ ಎಷ್ಟಾಯಿತು? ಒಂದು ಕೈಯಲ್ಲಿ ಬ್ಲ್ಯಾಕ್ ಗ್ಲಾಸಿನ ಶೀಲ್ಡ್, ಇನ್ನೊಂದರಲ್ಲಿ ಹೋಲ್ಡರ್, ಪಟ್ಟಿ ಹಿಡಿಯಲು ಮೂರನೇ ಕೈ ಎಲ್ಲಿಂದ ಬರಬೇಕು ಎನ್ನುವುದು ನಿಜವಾದ ಕಷ್ಟ. ತಲೆಗೆ ಹಾಕುವ, ತಾನೇ ಕಪ್ಪಾಗುವ ಹೆಲ್ಮೆಟ್ ಇದಕ್ಕೇ ಒಳ್ಳೆಯದು. ಆರ್ಕ್ ಹತ್ತಿದೊಡನೆ ಕಣ್ಣು ಮಿಟುಕಿಸುವುದಕ್ಕಿಂತ ಬೇಗ ಅದರ ಗಾಜು ಕಪ್ಪಾಗುತ್ತದೆ. ಒಳ್ಳೆಯ ಹೆಲ್ಮೆಟ್ಟಿನಲ್ಲಿ ಕಪ್ಪಾಗುವ ಮೊದಲೂ ನೇರಳಾತೀತ ಕಿರಣ ಒಳಗೆ ಬರುವುದಿಲ್ಲ. ಒಂದು ಅಂಗಡಿಗೆ ಒಂದೇ ವಸ್ತು ಕೊಳ್ಳಲು ಹಣ ಇದ್ದರೆ ನಾನು ಇದನ್ನೇ ಕೊಳ್ಳಿ ಅನ್ನುತ್ತೇನೆ. ಒಳಗೆ ಸಾದಾ ಸೇಫ್ಟಿ ಕನ್ನಡಕವೂ ಇರಲಿ, ಏಕೆಂದರೆ ಸ್ಲ್ಯಾಗ್ ಕುಟ್ಟಿ ತೆಗೆಯುವಾಗ ಎಲ್ಲರೂ ಶೀಲ್ಡ್ ಎತ್ತುತ್ತಾರೆ, ಕೆಂಪಗೆ ಕಾದ ಚೂರು ಹಾರುವುದು ಆಗಲೇ.

ಪಕ್ಕದಲ್ಲಿ ಪಟ್ಟಿ ಹಿಡಿದು ನಿಲ್ಲುವ ಹುಡುಗನನ್ನು ಮರೆಯಬೇಡಿ. ಅವನಿಗೂ ಶೀಲ್ಡ್ ಬೇಕು. ಬೆಳಕು ದೂರ ಹೋದಷ್ಟೂ ಬೇಗ ಕುಗ್ಗುತ್ತದೆ. ಎರಡು ಪಟ್ಟು ದೂರಕ್ಕೆ ನಾಲ್ಕನೇ ಒಂದು ಭಾಗ, ಮೂರು ಪಟ್ಟಿಗೆ ಒಂಬತ್ತನೇ ಒಂದು. ಆದರೆ ಬಿಳಿ ಗೋಡೆ, ಹೊಳೆಯುವ ಶೀಟು ಅದನ್ನು ತಿರುಗಿಸಿ ಕಳಿಸುತ್ತವೆ. ರಸ್ತೆ ಕಡೆಗೆ ಒಂದು ಹಳೆಯ ತಗಡು ಅಡ್ಡ ಇಟ್ಟರೂ ಸ್ಕೂಲಿಗೆ ಹೋಗುವ ಮಕ್ಕಳ ಕಣ್ಣು ಉಳಿಯುತ್ತದೆ. ಚರ್ಮವೂ ಬಿಸಿಲಿಗೆ ಸುಟ್ಟ ಹಾಗೆ ಸುಡುತ್ತದೆ. ಕತ್ತಿನ ಗುಂಡಿ ಹಾಕಿ, ದಪ್ಪ ಕಾಟನ್ ಬಟ್ಟೆ ತೊಡಿ. ಪಾಲಿಯೆಸ್ಟರ್ ಕಿಡಿ ಬಿದ್ದರೆ ಕರಗಿ ಚರ್ಮಕ್ಕೆ ಅಂಟುತ್ತದೆ. ಚಪ್ಪಲಿ ಬೇಡ, ಬೂಟು ಬೇಕು, ಪ್ಯಾಂಟು ಬೂಟಿನ ಹೊರಗೆ ಇಳಿದಿರಲಿ.

ಹೊಗೆ: ರಾತ್ರಿಯ ಜ್ವರ, ವರ್ಷಗಳ ನಂತರದ ಉಬ್ಬಸ

ಜಿಐ ಪೈಪ್ ಬೆಸೆದ ದಿನ ರಾತ್ರಿ ಚಳಿ ಜ್ವರ ಬಂದದ್ದು ಯಾವ ವೆಲ್ಡರಿಗೆ ನೆನಪಿಲ್ಲ? ಬಾಯಲ್ಲಿ ಲೋಹದ ರುಚಿ, ಬಾಯಾರಿಕೆ, ಮೈಕೈ ನೋವು, ನಡುಕ. ಮರುದಿನ ಮಾಯ. ವೈರಲ್ ಅಂದುಕೊಂಡು ಮಾತ್ರೆ ನುಂಗಿ ಸುಮ್ಮನಾಗುತ್ತಾರೆ. ಇದು ಸತುವಿನ ಹೊಗೆಯ ಜ್ವರ. ಜಿಐ ಪೈಪಿನ ಮೇಲಿನ ಲೇಪ ಸತು, ಅಂದರೆ ಜಿಂಕ್. ಅದು 907 ಡಿಗ್ರಿಗೇ ಕುದಿದು ಆವಿಯಾಗುತ್ತದೆ. ಕಬ್ಬಿಣ ಕರಗಬೇಕಾದರೆ 1500 ಬೇಕು. ಹಾಗಾಗಿ ಕಬ್ಬಿಣ ಕರಗುವ ಮೊದಲೇ ಅಲ್ಲಿನ ಸತು ಬಿಳಿ ಹೊಗೆಯಾಗಿ ಎದ್ದಿರುತ್ತದೆ, ಸುತ್ತ ಅರಳೆಯಂಥ ಬಿಳಿ ಎಳೆ ಹಾರುತ್ತದೆ. ಕೆಲವು ದಿನ ಸತತವಾಗಿ ಈ ಹೊಗೆ ಕುಡಿದರೆ ಮೈ ಒಗ್ಗಿಕೊಳ್ಳುತ್ತದೆ, ಭಾನುವಾರದ ರಜೆಯಲ್ಲಿ ಆ ಒಗ್ಗಿಕೆ ಹೋಗುತ್ತದೆ. ಅದಕ್ಕೇ ಈ ಜ್ವರ ಸೋಮವಾರ ಜಾಸ್ತಿ. ಬೆಸೆಯುವ ಜಾಗದ ಎರಡೂ ಕಡೆ ಎರಡು ಇಂಚು ಲೇಪ ಉಜ್ಜಿ ತೆಗೆದರೆ ತೊಂದರೆ ಬಹಳ ಕಡಿಮೆಯಾಗುತ್ತದೆ. ಉಜ್ಜುವಾಗಲೂ ಮಾಸ್ಕ್ ಇರಲಿ.

ಹಾಲು ಕುಡಿದರೆ, ಬೆಲ್ಲ ತಿಂದರೆ ಹೊಗೆ ಇಳಿದುಹೋಗುತ್ತದೆ ಎಂಬ ನಂಬಿಕೆ ಇದೆ. ಹಾಲು ಹೋಗುವುದು ಹೊಟ್ಟೆಗೆ, ಹೊಗೆ ಹೋಗಿರುವುದು ಶ್ವಾಸಕೋಶಕ್ಕೆ. ಹಾಲು ಒಳ್ಳೆಯದೇ, ಕುಡಿಯಿರಿ. ಅದನ್ನು ಮಾಸ್ಕಿನ ಬದಲು ಎಂದು ಮಾತ್ರ ತಿಳಿಯಬೇಡಿ.

ಸತುವಿನ ಜ್ವರ ಬಂದು ಹೋಗುತ್ತದೆ. ಬಂದು ಹೋಗದವೂ ಇವೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2017ರಲ್ಲಿ ವೆಲ್ಡಿಂಗ್ ಹೊಗೆಯನ್ನು ಮನುಷ್ಯರಿಗೆ ಕ್ಯಾನ್ಸರ್ ತರುವ ವಸ್ತುಗಳ ಮೊದಲ ಗುಂಪಿಗೆ ಸೇರಿಸಿತು. ತಂಬಾಕಿನ ಹೊಗೆ ಇರುವುದೂ ಅದೇ ಗುಂಪಿನಲ್ಲಿ. ಬ್ರಿಟನ್ ಅದಾದ ಮೇಲೆ, 2019ರಲ್ಲಿ, ಸಾದಾ ಕಬ್ಬಿಣದ ವೆಲ್ಡಿಂಗ್‌ಗೂ ಒಳಾಂಗಣದಲ್ಲಿ ಹೊಗೆ ಎಳೆಯುವ ಯಂತ್ರ ಇರಲೇಬೇಕು ಎಂದಿತು. ಸ್ಟೇನ್‌ಲೆಸ್ ಸ್ಟೀಲ್ ಬೆಸೆದರೆ ಹೊಗೆಯಲ್ಲಿ ಕ್ರೋಮಿಯಂ, ನಿಕಲ್ ಇರುತ್ತವೆ. ಈಗ ಮನೆ ಮನೆಗೆ ಎಸ್‌ಎಸ್ ರೇಲಿಂಗ್ ಬಂದಿದೆ, ಅಲ್ವಾ? ಸಾದಾ ರಾಡಿನ ಹೊಗೆಯಲ್ಲೂ ಮ್ಯಾಂಗನೀಸ್ ಇದೆ. ವರ್ಷಗಟ್ಟಲೆ ಹೆಚ್ಚು ಒಳಗೆ ಹೋದರೆ ಅದು ನರಗಳಿಗೆ ಹೊಡೆತ ಕೊಟ್ಟು ಕೈ ನಡುಕ, ನಡಿಗೆಯ ತೊಂದರೆ ತರುತ್ತದೆ.

ಹೊಗೆಯ ಕಣಗಳು ಬಹುಪಾಲು ಒಂದು ಮೈಕ್ರಾನಿಗಿಂತ ಚಿಕ್ಕವು. ಟವೆಲ್, ಕರ್ಚೀಫು, ಸರ್ಜಿಕಲ್ ಮಾಸ್ಕ್ ಅವನ್ನು ತಡೆಯುವುದಿಲ್ಲ. ಮುಖಕ್ಕೆ ಬಿಗಿಯಾಗಿ ಕೂರುವ ಎನ್95 ತಡೆಯುತ್ತದೆ. ಅದೂ ಕಣಗಳನ್ನು ಮಾತ್ರ, ಗ್ಯಾಸನ್ನಲ್ಲ. ಮಾಸ್ಕಿಗಿಂತ ಮೊದಲು ಮಾಡಬೇಕಾದದ್ದಕ್ಕೆ ಕಾಸೂ ಬೇಡ: ತಲೆಯನ್ನು ಹೊಗೆಯ ಕಂಬದಿಂದ ಹೊರಗೆ ಇಡಿ. ಬಗ್ಗಿ ನೇರ ಮೇಲಿನಿಂದ ನೋಡುವ ಬದಲು ಸ್ವಲ್ಪ ಪಕ್ಕದಿಂದ ನೋಡಿ. ಫ್ಯಾನನ್ನು ಬೆನ್ನ ಹಿಂದೆ ಇಡಬೇಡಿ, ಗಾಳಿ ಮೈ ಸುತ್ತಿ ಹೊಗೆಯನ್ನು ಮುಖಕ್ಕೇ ಎಳೆದು ತರುತ್ತದೆ. ಪಕ್ಕದಿಂದ ಅಡ್ಡ ಬೀಸುವ ಹಾಗೆ ಇಡಿ.

ಗ್ಯಾರೇಜಿನವರಿಗೆ ಒಂದು ಮಾತು. ಕೆಲವು ಬ್ರೇಕ್ ಕ್ಲೀನರ್, ಗ್ರೀಸ್ ತೆಗೆಯುವ ದ್ರವಗಳಲ್ಲಿ ಕ್ಲೋರಿನ್ ಸೇರಿದ ರಾಸಾಯನಿಕ ಇರುತ್ತದೆ. ಅದು ಒಣಗುವ ಮೊದಲೇ ಆರ್ಕ್ ಹಚ್ಚಿದರೆ ಆರ್ಕಿನ ಬಿಸಿ ಮತ್ತು ಕಿರಣಕ್ಕೆ ಒಡೆದು ಫಾಸ್ಜೀನ್ ಅನಿಲ ಹುಟ್ಟುತ್ತದೆ. ಮೊದಲ ಮಹಾಯುದ್ಧದಲ್ಲಿ ಸೈನಿಕರ ಮೇಲೆ ಬಿಟ್ಟ ವಿಷಾನಿಲ ಅದೇ. ಆ ಹೊತ್ತಿಗೆ ಸ್ವಲ್ಪ ಕೆಮ್ಮು ಬರಬಹುದು, ಮನೆಗೆ ಹೋದ ಮೇಲೆ ಶ್ವಾಸಕೋಶದಲ್ಲಿ ನೀರು ತುಂಬುತ್ತದೆ. ಬೆಸೆಯುವ ಭಾಗವನ್ನು ಸೋಪು ನೀರಿನಲ್ಲಿ ತೊಳೆದು ಒಣಗಿಸಿ, ಅಷ್ಟು ಸಾಕು.

ಸಂಪು, ಟ್ಯಾಂಕು, ಬಾಯ್ಲರಿನೊಳಗೆ ಇಳಿದು ಬೆಸೆಯುವುದು ಬೇರೆಯೇ ಲೆಕ್ಕ. ಬೆಸುಗೆಯ ಮೇಲೆ ಗ್ಯಾಸ್ ಬಿಡುತ್ತಾ ಬೆಸೆಯುವ ಟಿಗ್, ಮಿಗ್ ಮೆಷಿನ್‌ನ ಆರ್ಗಾನ್, ಇಂಗಾಲದ ಡೈಆಕ್ಸೈಡ್ ಎರಡೂ ಗಾಳಿಗಿಂತ ಭಾರ. ಕೆಳಗೆ ತುಂಬಿಕೊಂಡು ಆಮ್ಲಜನಕವನ್ನು ಹೊರಗೆ ತಳ್ಳುತ್ತವೆ. ಆರ್ಗಾನ್‌ಗೆ ವಾಸನೆ ಇಲ್ಲ, ಬಣ್ಣ ಇಲ್ಲ. ಉಸಿರು ಕಟ್ಟಿದ ಅನುಭವ ಕೂಡ ಆಗುವುದಿಲ್ಲ. ನಮ್ಮ ಮೈ ಇಂಗಾಲದ ಡೈಆಕ್ಸೈಡ್ ಹೆಚ್ಚಿದ್ದನ್ನು ಗುರುತಿಸುತ್ತದೆ, ಆಮ್ಲಜನಕ ಕಡಿಮೆಯಾದದ್ದನ್ನು ಚೆನ್ನಾಗಿ ಗುರುತಿಸುವುದಿಲ್ಲ. ತಲೆ ತಿರುಗಿ ಕುಸಿಯುವುದೇ ಮೊದಲ ಸೂಚನೆ. ಬ್ಲೋವರ್ ಹಚ್ಚದೆ, ಹೊರಗೆ ಒಬ್ಬರು ಹಗ್ಗ ಹಿಡಿದು ನಿಲ್ಲದೆ ಇಳಿಯಬಾರದು. ಒಳಗೆ ಬಿದ್ದವರನ್ನು ಎತ್ತಲು ಇನ್ನೊಬ್ಬರು ಹಾಗೆಯೇ ಧುಮುಕಬಾರದು. "ಗಾಳಿ ಸಾಲದು" ಎಂದು ಕಟಿಂಗ್ ಸೆಟ್ಟಿನ ಆಕ್ಸಿಜನ್ ಒಳಗೆ ಬಿಡುವವರಿದ್ದಾರೆ. ದಯವಿಟ್ಟು ಬೇಡ. ಆಕ್ಸಿಜನ್ ತುಂಬಿದ ಜಾಗದಲ್ಲಿ ಒಂದು ಕಿಡಿಗೆ ಮೈಮೇಲಿನ ಬಟ್ಟೆ ಭಗ್ಗನೆ ಹತ್ತುತ್ತದೆ.

ಕಿಡಿ ಎಲ್ಲಿ ಹೋಗಿ ಕೂರುತ್ತದೆ

1996ರ ಏಪ್ರಿಲ್ 11ರಂದು ಜರ್ಮನಿಯ ಡ್ಯೂಸೆಲ್‌ಡಾರ್ಫ್ ವಿಮಾನ ನಿಲ್ದಾಣದಲ್ಲಿ ಕಟ್ಟಡದ ಮೇಲಿನ ರಸ್ತೆಯ ಕೂಡುಜಾಗವೊಂದರಲ್ಲಿ ವೆಲ್ಡಿಂಗ್ ನಡೆದಿತ್ತು. ಕಾದ ಹನಿಗಳು ಸಂದಿನಿಂದ ಕೆಳಗೆ ಇಳಿದವು. ಕೆಳಗಿನ ಚಾವಣಿಯಲ್ಲಿ ಪಾಲಿಸ್ಟೈರೀನ್ ಹಾಸಿತ್ತು, ನಾವು ಥರ್ಮಾಕೋಲ್ ಎನ್ನುವ ವಸ್ತು. ಬೆಸೆಯುತ್ತಿದ್ದವರಿಗೆ ಅದು ಕಾಣುವಂತಿರಲಿಲ್ಲ. ಬೆಂಕಿ ಚಾವಣಿಯೊಳಗೇ ಹಬ್ಬಿ, ವಿಷದ ಹೊಗೆಗೆ 17 ಜನ ಸತ್ತರು.

ಕಿಡಿ ಹತ್ತು ಹನ್ನೊಂದು ಮೀಟರ್ ದೂರಕ್ಕೆ ಹೋಗಬಲ್ಲದು, ಎತ್ತರದಲ್ಲಿ ಕೆಲಸ ಮಾಡಿದರೆ ಇನ್ನೂ ದೂರ. ಬಿದ್ದ ಕಡೆ ಎಲ್ಲ ತಕ್ಷಣ ಜ್ವಾಲೆ ಏಳುವುದಿಲ್ಲ. ಗೋಣಿಚೀಲ, ಮರದ ಹೊಟ್ಟು, ತೆಂಗಿನ ನಾರು, ಹುಲ್ಲು, ಸೋಫಾದ ಫೋಮ್ ಇವುಗಳೊಳಗೆ ಕೂತು ಕನಲುತ್ತಾ ಇರುತ್ತದೆ. ಕೆಲಸ ಮುಗಿದ ಮೇಲೂ ಒಂದು ಗಂಟೆ ಯಾರಾದರೂ ಅಲ್ಲೇ ಇದ್ದು ನೋಡಬೇಕು ಎನ್ನುವ ನಿಯಮ ಬಂದದ್ದು ಇದಕ್ಕೇ. ಸಂಜೆ ಆರಕ್ಕೆ ಅಂಗಡಿ ಮುಚ್ಚುವುದಾದರೆ ಕೊನೆಯ ಬೆಸುಗೆ ಐದಕ್ಕೆ ಮುಗಿಯಲಿ. ಆ ಒಂದು ಗಂಟೆ ಸ್ಲ್ಯಾಗ್ ತೆಗೆಯಲು, ಅಳತೆ ಹಾಕಲು, ಲೆಕ್ಕ ಬರೆಯಲು ಇಟ್ಟುಕೊಳ್ಳಿ. ಬಕೆಟ್ ನೀರು, ಮರಳು ಕೈಗೆ ಸಿಗುವಂತಿರಲಿ. ಮೆಷಿನ್‌ಗೇ ಬೆಂಕಿ ಹತ್ತಿದರೆ ನೀರು ಹಾಕಬೇಡಿ, ಮೇನ್ ಆಫ್ ಮಾಡಿ ಮರಳು ಹಾಕಿ.

ಈ ಲೇಖನದಲ್ಲಿ ಒಂದೇ ಒಂದು ಮಾತು ನೆನಪಿಡುವುದಾದರೆ ಇದನ್ನು ನೆನಪಿಡಿ: ಎಣ್ಣೆ ತುಂಬಿದ್ದ ಖಾಲಿ ಡ್ರಮ್ಮನ್ನು ಬೆಸೆಯಬೇಡಿ, ಕತ್ತರಿಸಬೇಡಿ. ತುಂಬಿದ ಡ್ರಮ್ಮಿಗಿಂತ ಖಾಲಿಯದೇ ಹೆಚ್ಚು ಅಪಾಯ, ಯಾಕೆಂದರೆ ಒಳಗೆ ಆವಿ ಮತ್ತು ಗಾಳಿ ಬೆರೆತಿರುತ್ತವೆ. ಪೆಟ್ರೋಲ್ ಆವಿ ಗಾಳಿಯಲ್ಲಿ ನೂರಕ್ಕೆ ಒಂದೂವರೆ ಭಾಗದಷ್ಟು ಇದ್ದರೂ ಸಿಡಿಯುತ್ತದೆ. 200 ಲೀಟರ್ ಡ್ರಮ್ಮಿಗೆ ಲೆಕ್ಕ ಹಾಕಿದರೆ ಅಡುಗೆಮನೆಯ ಒಂದೆರಡು ಚಮಚ ಪೆಟ್ರೋಲ್ ಆವಿಯಾದರೆ ಸಾಕು. ತಳದ ಮಡಿಕೆಯಲ್ಲಿ ಅಷ್ಟು ಉಳಿದೇ ಇರುತ್ತದೆ. ಡೀಸೆಲ್, ಟಾರ್, ಎಂಜಿನ್ ಆಯಿಲ್ ತಣ್ಣಗಿದ್ದಾಗ ಸುಮ್ಮನಿರುತ್ತವೆ, ಆರ್ಕಿನ ಬಿಸಿಗೆ ಅವೂ ಆವಿಯಾಗುತ್ತವೆ. "ಬಾಯಿ ತೆರೆದು ಬಿಸಿಲಿಗೆ ಇಟ್ಟಿದ್ದೆ", "ನೀರಲ್ಲಿ ತೊಳೆದಿದ್ದೆ" ಎನ್ನುವುದು ಸಾಲದು. ಮೂಸಿ ನೋಡಿ ತಿಳಿಯುವ ವಿಷಯವೂ ಅಲ್ಲ. ಹಬೆ ಹಾಯಿಸಿ, ಗ್ಯಾಸ್ ಮೀಟರ್ ಇಟ್ಟು ಪರೀಕ್ಷಿಸಿ ಮಾಡುವವರು ಬೇರೆ ಇದ್ದಾರೆ, ಅವರಿಗೆ ಬಿಡಿ. ಬೈಕಿನ ಪೆಟ್ರೋಲ್ ಟ್ಯಾಂಕಿಗೂ ಇದೇ ಮಾತು. ನಮ್ಮ 1948ರ ಕಾರ್ಖಾನೆ ಕಾಯ್ದೆಯ 37ನೇ ಸೆಕ್ಷನ್ನಿನಲ್ಲೇ ಇದನ್ನು ಬರೆದಿದ್ದರು: ಉರಿಯುವ ವಸ್ತು ಇದ್ದ ಟ್ಯಾಂಕನ್ನು, ಅದರ ಆವಿ ತೆಗೆಯದೆ ವೆಲ್ಡಿಂಗ್ ಮಾಡುವಂತಿಲ್ಲ. ಕರೆಂಟ್ ಬಳಸಿ ಹತ್ತು ಜನ ದುಡಿಯುವ ಜಾಗಕ್ಕೆ ಮಾತ್ರ ಸಾಮಾನ್ಯವಾಗಿ ಆ ಕಾಯ್ದೆ ಅನ್ವಯಿಸುತ್ತಿತ್ತು. ಇಬ್ಬರ ಅಂಗಡಿಗೆ ಹೇಳುವವರು ಇರಲಿಲ್ಲ. ಡ್ರಮ್ಮು ಬರುತ್ತಿದ್ದದ್ದು ಮಾತ್ರ ಅಂಥ ಅಂಗಡಿಗೇ.

ನಿಮ್ಮ ಮನೆಗೆ ವೆಲ್ಡಿಂಗ್‌ನವರು ಬಂದ ದಿನ

ನೀವು ವೆಲ್ಡರ್ ಅಲ್ಲದಿರಬಹುದು, ಆದರೆ ಒಂದಲ್ಲ ಒಂದು ದಿನ ಅವರು ನಿಮ್ಮ ಮನೆಗೆ ಬರುತ್ತಾರೆ. ಅರ್ಥಿಂಗ್ ಸರಿಯಿರುವ ಮೂರು ಪಿನ್ ಸಾಕೆಟ್ ತೋರಿಸಿ, ಮೀಟರ್ ಬೋರ್ಡಿಗೆ ಕೊಂಡಿ ಹಾಕಲು ಬಿಡಬೇಡಿ. ಗೇಟಿನ ಹತ್ತಿರದ ಬೈಕು, ಸಿಲಿಂಡರ್, ಪೇಂಟ್ ಡಬ್ಬ, ಒಣ ಎಲೆ ದೂರ ಸರಿಸಿ. ಮಕ್ಕಳನ್ನು ಒಳಗೆ ಕಳಿಸಿ. "ನೋಡಬೇಡ" ಎಂದರೆ ಸಾಲದು, ನನ್ನ ಉದಾಹರಣೆ ಇದೆಯಲ್ಲ. ಬಾಗಿಲು ಹಾಕಿ ಪರದೆ ಎಳೆಯಿರಿ. ಅವರ ಶೀಲ್ಡಿನ ಗಾಜು ಒಡೆದು ಟೇಪ್ ಸುತ್ತಿದ್ದರೆ ಹತ್ತಿರದ ಹಾರ್ಡ್‌ವೇರ್ ಅಂಗಡಿಯಿಂದ ಹೊಸದು ತರಿಸಿಕೊಡಿ, ದೊಡ್ಡ ಖರ್ಚೇನಲ್ಲ. "ಇವತ್ತೇ ಮುಗಿಸಿ, ಕತ್ತಲಾದರೂ ಸರಿ" ಎಂದು ಒತ್ತಾಯ ಮಾಡಬೇಡಿ. ಮಳೆ ಹನಿದರೆ "ನಾಳೆ ಬನ್ನಿ ಅಣ್ಣ" ಎಂದು ನೀವೇ ಹೇಳಿ. ನೀವು ಹೇಳದಿದ್ದರೆ ದಿನದ ಕೂಲಿ ಹೋದೀತು ಎಂದು ಅವರು ನೆನೆಯುತ್ತಲೇ ಬೆಸೆಯುತ್ತಾರೆ.

ಅವರು ಹೋದ ಒಂದು ಗಂಟೆಯ ಮೇಲೆ ಟಾರ್ಚ್ ಹಿಡಿದು ಗೇಟಿನ ಸುತ್ತ ಒಂದು ಸುತ್ತು ಹಾಕಿ ಬನ್ನಿ. ಕಾಂಪೌಂಡಿನ ಮೂಲೆಯ ತೆಂಗಿನ ಗರಿ, ಪಕ್ಕದ ಮನೆಯ ಕಟ್ಟಿಗೆ ರಾಶಿ, ಮೋರಿಯ ಹತ್ತಿರದ ಗೋಣಿಚೀಲ. ಎಲ್ಲಾದರೂ ತೆಳುವಾಗಿ ಹೊಗೆ ಏಳುತ್ತಿದ್ದರೆ ಒಂದು ಚೊಂಬು ನೀರು ಸಾಕಾಗುವುದು ಆ ಹೊತ್ತಿಗೇ.